ನಡುಗೋಡೆಯ ಉಣ್ಣೆ

"ಆ ಗೋಡೆ ಮುಟ್ಟಿದ್ರೆ ನೋಡು!"

ಮನೆಯೊಡತಿ ನಡುಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಗೋಡೆ ಕೆಲಸದವನು ಕೈಯಲ್ಲಿದ್ದ ಮರದ ಪಟ್ಟಿಯನ್ನು ಕೆಳಗಿಟ್ಟ. ಬೆಳಿಗ್ಗೆಯಿಂದ ಇದೇ ರಂಪ.

ಅದು ಸಾಲುಮನೆ. ಗೋಡೆಯ ಈಚೆ ಇವರ ಮಲಗುವ ಕೋಣೆ, ಆಚೆ ಒಂಟಿ ಅಜ್ಜಿಯೊಬ್ಬಳ ಮನೆ. ಗೋಡೆಗೆ ತುಂಬಲು ಯಜಮಾನ ಆರಿಸಿ ತಂದದ್ದು ಕಲ್ಲಿನ ನಾರು, ಕಲ್ಲುಣ್ಣೆ: ಕೆಡವಿದ ಕಟ್ಟಡಗಳಿಂದ ಕಿತ್ತ ಹಳೆಯದನ್ನೇ ಕರಗಿಸಿ, ಮತ್ತೆ ನೂತು, ಹಾಸಿಗೆಯಂತೆ ಒತ್ತಿದ್ದು. ಬೆಂಕಿ ಹತ್ತದು, ಶಾಖ ದಾಟದು, ಸದ್ದು ನುಸುಳದು. ಅಂಗಡಿಯಲ್ಲಿ ಒಂದೊಂದು ಬಗೆಯನ್ನೂ ಹಿಸುಕಿ ನೋಡಿ, ಎಲ್ಲಕ್ಕಿಂತ ಒತ್ತಾದದ್ದನ್ನೇ ಕೇಳಿ ಪಡೆದಿದ್ದ. ಇಷ್ಟು ತಿಳಿದ ಗಿರಾಕಿ ಸಿಗುವುದು ಅಪರೂಪ ಎಂದು ಕೆಲಸದವನಿಗೆ ಅನ್ನಿಸಿತ್ತು.

"ಚಾವಣಿಗೆ ಹಾಕಿ, ಬೇಡ ಅಂದೆನಾ?" ಅವಳು ಅಬ್ಬರಿಸಿದಳು. "ಬಿಸಿಲು ಬೀಳೋ ಗೋಡೆಗೆ ಹಾಕಿ. ನೆರಳಲ್ಲಿರೋ ಇದಕ್ಕ್ಯಾಕೆ ಕಂಬಳಿ?"

"ಅಜ್ಜಿಗೆ ವಯಸ್ಸಾಯ್ತು ಕಣೇ," ಯಜಮಾನ ಮೆಲ್ಲಗೆ ಹೇಳಿದ. "ನಮ್ಮ ಸದ್ದಿಗೆ ಅವರ ನಿದ್ದೆ ಕೆಡಬಾರದು."

"ಹಾಗಿದ್ರೆ ಥರ್ಮಾಕೋಲ್ ಹಾಕ್ಲಿ, ಸಾಕು."

"ಅದು ಸದ್ದು ತಡೆಯಲ್ಲಮ್ಮ," ಎಂದ ಕೆಲಸದವನು. "ಈಚೆ ಸೀನಿದ್ರೆ ಆಚೆಯವರು ಹರಸ್ತಾರೆ."

"ಹರಸ್ಲಿ! ನಿನ್ನ ಗಂಟೇನು ಹೋಗುತ್ತೆ?"

ಯಜಮಾನ ಕಣ್ಣು ಮಿಟುಕಿಸಿದ. "ಜನರೆದುರು ಮಾತ್ರ ಇವಳ ಬಾಯಿ ಜೋರು. ನೀವು ಹೋದ್ಮೇಲೆ ಮೆತ್ತಗಾಗ್ತಾಳೆ."

ಕೆಲಸದವನು ನಕ್ಕ. ಸೆಖೆ ಕುದಿಯುತ್ತಿತ್ತು. "ಈ ಉಣ್ಣೆ ಮೈಗೆ ಚುಚ್ಚುತ್ತೆ ಅಂತ ನಾನು ಮೈತುಂಬ ಮುಚ್ಕೊಂಡಿದೀನಿ. ನೀವ್ಯಾಕಮ್ಮ ಈ ಉದ್ದ ತೋಳು ಹಾಕ್ಕೊಂಡು ಬೇಯ್ತೀರಿ?"

ಅವಳು ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಉಣ್ಣೆಯ ಒಂದು ಹಾಳೆಯನ್ನು ಬಾಚಿ ಅಂಗಳಕ್ಕೆ ಎಸೆದಳು. ಯಜಮಾನ ಹೋಗಿ ಅದನ್ನೆತ್ತಿ, ಧೂಳು ಕೊಡವಿ ತಂದಿಟ್ಟ. ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟ. ಅವಳು ಗೋಡೆ ಬಿಟ್ಟು ಸರಿದಳು.

ಕೆಲಸದವನ ರಕ್ತ ಕುದಿಯಿತು. ಚಿನ್ನದಂಥ ಮನುಷ್ಯ, ಇಂಥ ಗಯ್ಯಾಳಿಯ ಜೊತೆ ಹೇಗೆ ಏಗುತ್ತಾನೋ! ಅವಳ ಮೇಲಿನ ಸಿಟ್ಟನ್ನೆಲ್ಲ ಅವನು ಕೆಲಸದಲ್ಲಿ ತೀರಿಸಿಕೊಂಡ. ಒಂದು ಪದರ ಸಾಕಾಗಿದ್ದಲ್ಲಿ ಎರಡು ತುಂಬಿದ. ಸಂದಿಗೊಂದಿಗೆ ಚೂರು ತುರುಕಿದ. ಮೇಲೆ ಹಲಗೆ ಬಡಿದು, ಅಂಚಿಗೆ ಅರಗು ಮೆತ್ತಿದ. ಅಷ್ಟು ಹೊತ್ತೂ ಅವಳು ಬಾಗಿಲ ಬಳಿ ಕುಕ್ಕರಿಸಿ ಅವನ ಕೈಯನ್ನೇ ನೋಡುತ್ತಿದ್ದಳು.

"ಪರೀಕ್ಷೆ ಮಾಡೇಬಿಡೋಣ," ಎಂದ ಯಜಮಾನ. "ನೀವು ಅಜ್ಜಿ ಮನೆಗೆ ಹೋಗಿ ಕೇಳಿಸ್ಕೊಳ್ಳಿ. ನಾನಿಲ್ಲಿ ಕೂಗ್ತೀನಿ."

ಕೆಲಸದವನು ಅಜ್ಜಿಯ ಮನೆಗೆ ಹೋಗಿ ಗೋಡೆಗೆ ಕಿವಿ ಹಚ್ಚಿ ನಿಂತ. ಬಹಳ ಹೊತ್ತು ನಿಂತ. ಮುಖ ಅರಳಿತು.

"ಗಂಟಲು ಹರಿಯೋ ಹಾಗೆ ಕೂಗ್ತಿರ್ತಾರೆ, ಇಲ್ಲಿ ಪಿಸುಮಾತೂ ಇಲ್ಲ! ಇನ್ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿ ಅಜ್ಜಿ."

ಅಜ್ಜಿ ಅವನನ್ನು ಗೋಡೆಯಿಂದ ಆಚೆ ತಳ್ಳಿದಳು.

"ನಿನ್ನ ಕೈ ಬಿದ್ದುಹೋಗ! ಅವಳು ಕಿರುಚಿದಾಗೆಲ್ಲ ನಾನೆದ್ದು ಈ ಗೋಡೆ ಬಡೀತಿದ್ದೆ ಕಣೋ, ಬಡಿದ್ರೆ ಮಾತ್ರ ಅವನು ಹೊಡೆಯೋದು ನಿಲ್ಲಿಸ್ತಿದ್ದ."