ಸಾಹೇಬರ ಪರೀಕ್ಷೆ

ದಾರಿಯ ಗುರುತಿಗೆ ಇಟ್ಟಿದ್ದ ಎರಡನೆಯ ಪ್ಲಾಸ್ಟಿಕ್ ಕೋನ್ ಕೂಡ ಉರುಳಿತು. ಸಾಹೇಬರು ಬ್ಯಾಟರಿ ಸ್ಕೂಟರಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ತಪ್ಪೆಲ್ಲ ಕೋನಿನದೇ ಎಂಬಂತೆ ಅದನ್ನು ದುರುಗುಟ್ಟಿ ನೋಡಿದರು.

“ಅಂಕಲ್, ನಿಲ್ಲಿಸ್ಬೇಕು ಅಂದ್ರೆ ಲಿವರ್ ಬಿಟ್ಬಿಡಿ. ನೀವು ಇನ್ನೂ ಗಟ್ಟಿಯಾಗಿ ಒತ್ತುತ್ತೀರ, ಅದು ಇನ್ನೂ ಜೋರಾಗಿ ಹೋಗತ್ತೆ,” ಎಂದಳು ಬಾಡಿಗೆ ಕೌಂಟರಿನ ಹುಡುಗಿ.

“ಇದಕ್ಕೆ ಬ್ರೇಕ್ ಎಲ್ಲಿ?”

“ಬೇರೆ ಬ್ರೇಕ್ ಇಲ್ಲ ಅಂಕಲ್. ಬಿಡೋದೇ ಬ್ರೇಕು.”

“ಬಿಡೋದು ಇವರ ಜಾಯಮಾನದಲ್ಲೇ ಇಲ್ಲಮ್ಮ,” ಎಂದಳು ಬೆಂಚಿನ ಮೇಲೆ ಗಂಡನ ಊರುಗೋಲು ಹಿಡಿದು ಕೂತಿದ್ದ ಹೆಂಡತಿ. “ನೀನು ಬೇರೆ ಏನಾದ್ರೂ ಹೇಳ್ಕೊಡು.”

ಥೀಮ್ ಪಾರ್ಕಿನ ಬಾಗಿಲ ಪಕ್ಕದ ಆ ಅಂಗಳದಲ್ಲಿ, ಹೆಚ್ಚು ನಡೆಯಲಾಗದವರಿಗೆ ಮೂರು ಚಕ್ರದ ಸ್ಕೂಟರ್ ಬಾಡಿಗೆಗೆ ಕೊಡುತ್ತಿದ್ದರು. ಕೋನ್‌ಗಳ ನಡುವೆ ಒಂದು ಸುತ್ತು ಬಂದು, ಕೊನೆಯ ಕೋನಿನ ಮುಂದೆ ನಿಲ್ಲಿಸಿ ತೋರಿಸದೆ ಯಾರಿಗೂ ಗಾಡಿ ಇಲ್ಲ. ಸಾಹೇಬರೋ, ನಿವೃತ್ತರಾಗುವವರೆಗೂ ಊರಿಗೆಲ್ಲ ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ಮಾಡಿದವರು. ಅವರ ಕೈಯಲ್ಲಿ ಒಂದೇ ಸಲಕ್ಕೆ ಪಾಸಾದವರನ್ನು ಜನ ಬೆರಳು ಮಾಡಿ ತೋರಿಸುತ್ತಿದ್ದರು. ಕಟ್ಟಿಕೊಂಡ ಹೆಂಡತಿಯನ್ನೂ ಅವರು ಬಿಟ್ಟಿರಲಿಲ್ಲ. ಕೈಸನ್ನೆ ಮಾಡದೆ ತಿರುಗಿಸಿದಳೆಂದು ಫೇಲು ಮಾಡಿ, ಸಂಜೆ ಅದೇ ಹೆಂಡತಿಯ ಕೈಯಿಂದ ಕಾಫಿ ಇಸಿದುಕೊಂಡು ಕುಡಿದಿದ್ದರು. ಅವಳು ಮತ್ತೆ ಪರೀಕ್ಷೆಗೆ ಹೋಗಲಿಲ್ಲ.

ಈ ಹೊತ್ತು ಅವಳಿಗೆ ನಗಬೇಕೆನ್ನಿಸಿತ್ತು. ಆದರೆ ಪೂರ್ತಿ ನಗಲು ಧೈರ್ಯವಿರಲಿಲ್ಲ. ಮಂಡಿ ಕೈಕೊಟ್ಟಾಗಿನಿಂದ ಸಾಹೇಬರು ಕಿಟಕಿ ಪಕ್ಕದ ಕುರ್ಚಿ ಹಿಡಿದವರು ಅದನ್ನು ಬಿಟ್ಟಿರಲಿಲ್ಲ. ಮೊದಮೊದಲು ಮಂಡಿಯನ್ನು ಬಯ್ಯುತ್ತಿದ್ದರು, ಆಮೇಲೆ ಡಾಕ್ಟರನ್ನು, ಆಮೇಲೆ ಬೀದಿಯಲ್ಲಿ ಹೋಗುವ ಗಾಡಿಗಳನ್ನು. ಕೊನೆಗೆ ಬೈಗುಳವೂ ನಿಂತುಹೋಯಿತು. ಅಡುಗೆಮನೆಯಲ್ಲಿ ಲೋಟ ಬಿದ್ದರೆ ‘ಏನದು’ ಎಂದು ಕೇಳುವ ದನಿಯೂ ಇಲ್ಲದ ಮನೆಯಲ್ಲಿ, ಅವಳು ಕೆಲವೊಮ್ಮೆ ಬೇಕೆಂದೇ ಲೋಟ ಬೀಳಿಸಿದ್ದುಂಟು. ಮಗಳೂ ಅಳಿಯನೂ ಕಾಡಿ ಬೇಡಿ ಈ ಪ್ರವಾಸಕ್ಕೆ ಹೊರಡಿಸಿದ್ದರು. ಅವರು ಮಕ್ಕಳನ್ನು ಕರೆದುಕೊಂಡು ಆಗಲೇ ಒಳಗೆ ಹೋಗಿದ್ದರು. ಇಂದು ಗಾಡಿ ಸಿಗದೆ ಸಾಹೇಬರು ಹೋಟೆಲ್ ರೂಮಿಗೆ ಹಿಂತಿರುಗಿದರೆ, ಮತ್ತೆ ಅವರನ್ನು ಹೊರಗೆ ತರಲು ಹರಬ್ರಹ್ಮ ಬಂದರೂ ಆಗದೆಂದು ಅವಳಿಗೆ ಗೊತ್ತಿತ್ತು.

ಮೂರನೆಯ ಕೋನ್ ಉರುಳಿದ್ದಲ್ಲದೆ, ಸ್ಕೂಟರಿನಡಿ ಸಿಕ್ಕಿ ಸ್ವಲ್ಪ ದೂರ ಜೊತೆಗೇ ಬಂತು.

“ಇನ್ನೊಂದೇ ಸಲ ನೋಡೋಣ ಅಂಕಲ್. ಆಗ್ಲಿಲ್ಲ ಅಂದ್ರೆ ಕೊಡಕ್ಕಾಗಲ್ಲ. ಬೇಜಾರ್ ಮಾಡ್ಕೋಬೇಡಿ, ರೂಲ್ಸು.”

‘ರೂಲ್ಸು’ ಎಂಬ ಮಾತು ಕೇಳಿದ್ದೇ ಸಾಹೇಬರ ಮುಖ ಗಂಭೀರವಾಯಿತು. “ಇನ್ನೊಂದು ಸಲ ಯಾಕೆ? ಫೇಲಾದೋನು ಫೇಲೇ. ನಡಿಯೇ, ರೂಮಿಗೆ ಹೋಗೋಣ.”

ಆ ದನಿಯಲ್ಲಿ ಸೋಲಿರಲಿಲ್ಲ, ನೆಮ್ಮದಿಯಿತ್ತು. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಅವಳು ಊರುಗೋಲನ್ನು ಬೆಂಚಿಗೆ ಒರಗಿಸಿ ಎದ್ದಳು. ಕೊನೆಯ ಕೋನನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ತಾನು ನಿಂತಳು.

“ಏನೇ ಇದು?”

“ಕೋನು. ಬನ್ನಿ.”

“ತಲೆ ಕೆಟ್ಟಿದೆಯಾ? ಆಚೆ ಹೋಗು.”

“ಕೋನ್ ಎಲ್ಲಾದ್ರೂ ಆಚೆ ಹೋಗತ್ತಾ?”

“ಆಂಟಿ, ಹಾಗೆಲ್ಲ ನಿಲ್ಲಬಾರ್ದು,” ಹುಡುಗಿ ಗಾಬರಿಯಿಂದ ಓಡಿಬಂದಳು.

“ನೀನು ಸುಮ್ನಿರಮ್ಮ. ಇವರ ಕೈಯಲ್ಲಿ ಫೇಲಾದೋಳು ನಾನು. ಪಾಸಾಗೋದು ಎಷ್ಟು ಕಷ್ಟ ಅಂತ ನಂಗೊತ್ತು.”

ಸಾಹೇಬರು ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಲಿವರ್ ಒತ್ತಿದರು. ಗಾಡಿ ಗುಂಯ್‌ಗುಟ್ಟುತ್ತ ಹೊರಟಿತು. ಹತ್ತಿರವಾದಂತೆ ಅವರ ಬೆರಳು ಅಭ್ಯಾಸಬಲದಿಂದ ಬಿಗಿಯಾಗುವುದು ಅವಳಿಗೆ ಕಂಡಿತು. ಗಾಡಿ ಮುಗ್ಗರಿಸಿದಂತೆ ಮುಂದೆ ನುಗ್ಗಿತು. ಅವಳು ಕದಲಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಎರಡೂ ಕೈಗಳನ್ನು, ಕಾದ ಪಾತ್ರೆ ಮುಟ್ಟಿದವರ ಹಾಗೆ, ಮೇಲಕ್ಕೆತ್ತಿಬಿಟ್ಟರು.

ಮುಂದಿನ ಚಕ್ರ ಅವಳ ಚಪ್ಪಲಿಯ ತುದಿಗೆ ತಾಗಿ ನಿಂತಿತು.

ಸಾಹೇಬರಿಗೆ ಏದುಸಿರು ಬರುತ್ತಿತ್ತು.

“ಪಾಸ್ ಅಂಕಲ್!” ಹುಡುಗಿ ಚಪ್ಪಾಳೆ ತಟ್ಟಿದಳು.

“ಕೋನಿಗೆ ಪೆಟ್ಟಾಯ್ತಾ?” ಸಾಹೇಬರು ಮೆಲ್ಲಗೆ ಕೇಳಿದರು.

“ಕೋನು ಗಟ್ಟಿಮುಟ್ಟಾಗಿದೆ. ನೀವು ಕೈ ಇಳಿಸಿ, ಯಾರಾದ್ರೂ ನೋಡಿದ್ರೆ ಪೊಲೀಸ್ನೋರು ಹಿಡಿದ್ರು ಅನ್ಕೋತಾರೆ.”

ಅವರು ನಕ್ಕರು. ಆ ನಗು ಕೇಳಿಸಿಯೂ ಕೇಳಿಸದವಳಂತೆ ಅವಳು ಬೆಂಚಿನ ಕಡೆ ತಿರುಗಿ ಕೈಚೀಲ, ನೀರಿನ ಬಾಟಲಿ, ಊರುಗೋಲು ಎಲ್ಲವನ್ನೂ ಒಂದೊಂದಾಗಿ ಎತ್ತಿಕೊಂಡಳು. ತಿರುಗಿ ನೋಡಿದರೆ ಅಂಗಳದಲ್ಲಿ ಸಾಹೇಬರೂ ಇಲ್ಲ, ಸ್ಕೂಟರೂ ಇಲ್ಲ. ಬಾಗಿಲಾಚೆ ಬಲೂನುಗಳೂ ಟೋಪಿಗಳೂ ತುಂಬಿದ ಜನಸಂದಣಿ. ಎಲ್ಲೋ ಸ್ಕೂಟರಿನ ಹಾರ್ನ್ ಎರಡು ಸಲ ಕೇಳಿಸಿತು. ದಾರಿ ಬಿಡಿಸಲು ಬಾರಿಸಿದ್ದಲ್ಲ, ಖುಷಿಗೆ ಬಾರಿಸಿದ್ದು.

“ಅಯ್ಯೋ ಆಂಟಿ, ಹೊರಟೇ ಹೋದ್ರಲ್ಲ! ಯಾವ ಕಡೆ ತಿರುಗಿದ್ರು?”

“ಗೊತ್ತಿಲ್ಲಮ್ಮ,” ಎಂದಳು ಅವಳು.

ಗಂಡ ಎಲ್ಲಿದ್ದಾನೆಂದು ಗೊತ್ತಿಲ್ಲದೆ ಅವಳು ಇದ್ದು ಎಷ್ಟು ಕಾಲವಾಗಿತ್ತೋ! ಎತ್ತಿಕೊಂಡದ್ದನ್ನೆಲ್ಲ ಮತ್ತೆ ಕೆಳಗಿಟ್ಟು, ಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ಬಿಸಿಲಿಗೆ ಕಾಲು ಚಾಚಿದಳು.