ಮಾರಾಟಕ್ಕಿಟ್ಟ ಜೀಪು

ಶಿವಪುತ್ರಪ್ಪನ ಹಳೆಯ ಪೆಟ್ರೋಲ್ ಜೀಪು ಗುಡ್ಡ ಹತ್ತಿದ್ದಕ್ಕಿಂತ ಅಂಗಳದಲ್ಲಿ ಬಾನೆಟ್ ತೆರೆದು ನಿಂತದ್ದೇ ಹೆಚ್ಚು. ಅವನು ರಿಪೇರಿಗೆ ಇಳಿದಾಗಲೆಲ್ಲ ಟಾರ್ಚ್ ಹಿಡಿಯುವವಳು ಹೆಂಡತಿ ಕಸ್ತೂರೆವ್ವ.

"ಈ ಡಬ್ಬಾ ಮಾರಿ ಕೈ ತೊಳಕೊಳ್ರಿ" ಎಂದು ಗೊಣಗುತ್ತಲೇ ಹಿಡಿಯುತ್ತಿದ್ದಳು. ಕೇಳಿ ಕೇಳಿ ಸಾಕಾಗಿ ಅವನು ಕೊನೆಗೆ ಒಪ್ಪಿದ.

ಕೊಳ್ಳುವವನು ಬಂದು ಚಾವಿ ತಿರುವಿ ತಿರುವಿ ಸುಸ್ತಾದ. ಜೀಪು ಕೆಮ್ಮಲೂ ಇಲ್ಲ. "ಇದು ನಮಗಾಗೂದಿಲ್ರೀ" ಎಂದು ಕೈಮುಗಿದು ಹೊರಟುಹೋದ.

ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ ಶಿವಪುತ್ರಪ್ಪ, ಹೆಂಡತಿ ಒಳಗೆ ಹೋದದ್ದೇ ತಡ, ಬೆಳಿಗ್ಗೆ ತಾನೇ ಕಿತ್ತು ಜೇಬಿನಲ್ಲಿ ಬಚ್ಚಿಟ್ಟಿದ್ದ ಎಂಜಿನ್ನಿಗೆ ಕಿಡಿ ಒದಗಿಸುವ ಕಾಯಿಲ್ ವೈರನ್ನು ನಗುತ್ತ ಸಿಕ್ಕಿಸಿ ಚಾವಿ ತಿರುವಿದ. ಜೀಪು ಸ್ಟಾರ್ಟ್ ಆಗಲಿಲ್ಲ. ಪ್ಲಗ್ ಒರೆಸಿದ, ಪೆಟ್ರೋಲ್ ನೋಡಿದ. ಆಗಲೂ ಇಲ್ಲ.

"ಏನಾತ್ರಿ?" ಕಸ್ತೂರೆವ್ವ ಬಾಗಿಲಲ್ಲಿ ನಿಂತಿದ್ದಳು.

"ಈಗ ಖರೇನ ಕೆಟ್ಟೈತಿ ನೋಡು."

"ಕೆಟ್ಟಿಲ್ಲ ಬಿಡ್ರಿ" ಎಂದವಳೇ ಸೆರಗಿನ ಗಂಟು ಬಿಚ್ಚಿ, ಬೆಳಿಗ್ಗೆ ಅವನು ಏಳುವ ಮೊದಲೇ ತಾನು ಜೀಪಿನಿಂದ ಕಳಚಿಟ್ಟುಕೊಂಡಿದ್ದ ಪ್ಲಗ್‌ಗಳಿಗೆ ಕಿಡಿ ಹಂಚುವ ಪುಟ್ಟ ರೋಟರನ್ನು ಅವನ ಅಂಗೈಗಿಟ್ಟು, ಟಾರ್ಚ್ ಹಿಡಿದು ನಿಂತಳು.