ಸಣ್ಣ ಬೆರಳು

ಹೊನ್ನವ್ವ ಓಡುತ್ತಿದ್ದಳು. ಅರವತ್ತರ ಮೊಣಕಾಲು ಬೇಡವೆಂದರೂ ಕೇಳದೆ, ಸೆರಗನ್ನು ಸೊಂಟಕ್ಕೆ ಬಿಗಿದು, ದೇವರಗುಡ್ಡದ ದಾರಿಯ ಹತ್ತಿ ಹೊಲದ ಬದುವಿನ ಮೇಲೆ ಓಡುತ್ತಿದ್ದಳು. ಸೊಸೆ ಕಾವೇರಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬೀಜದ ಹತ್ತಿಯ ಕ್ರಾಸಿಂಗ್, ಎಂದರೆ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಹೋಗುವ ಈ ಹೊಲದಲ್ಲಿ ಕಟ್ಟೆಯಿಲ್ಲದ ಬಾವಿಯೊಂದಿದೆ ಎಂದು ಹಾಲಿನ ಸಕೀನಾಬಿ ಈಗಷ್ಟೇ ಹೇಳಿಹೋಗಿದ್ದಳು.

ತಪ್ಪು ತನ್ನದೇ ಎಂದು ಹೊನ್ನವ್ವನಿಗೆ ಗೊತ್ತಿತ್ತು. ನಾಲಿಗೆಗೆ ಎಲುಬಿಲ್ಲ ನೋಡಿ, ಹೋದ ವಾರದ ಜಗಳದಲ್ಲಿ "ನಿನ್ನ ಮಕ್ಕಳನ್ನ ಕಾಯಾಕ ನಾ ಏನ್ ಆಳೇನು?" ಎಂದುಬಿಟ್ಟಿದ್ದಳು. ಸೊಸೆ ಮರುದಿನವೇ ಕೂಸನ್ನು ಬಗಲಿಗೇರಿಸಿ, ಐದರ ನಿರ್ಮಲಾಳ ಕೈಹಿಡಿದು ಹೊರಟಳು.

ಬಾವಿಯ ದಂಡೆಯಲ್ಲಿ ನಿರ್ಮಲಾಳ ಒಂದು ಚಪ್ಪಲಿ ಬಿದ್ದಿತ್ತು. ಹೊನ್ನವ್ವ ಬಗ್ಗಿ ನೋಡಿದರೆ ಕಪ್ಪು ನೀರು.

"ನಿಮ್ಮೀ! ಏ ನಿಮ್ಮೀ!"

"ಓ ಆಯೀ! ಇಲ್ಲೇ ಅದೀನಿ!"

ಹತ್ತಿ ಗಿಡಗಳ ನಡುವಿನಿಂದ ಹುಡುಗಿ ತಲೆಯೆತ್ತಿದಳು. ಆಚೆ ಬೇವಿನ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಹೊನ್ನವ್ವನಿಗೆ ಹೋದ ಜೀವ ಬಂತು. ಅಳಬೇಕೋ ನಗಬೇಕೋ ತಿಳಿಯದೆ ಬದುವಿನ ಮೇಲೆಯೇ ಕುಕ್ಕರಿಸಿದಳು.

ನಿರ್ಮಲಾ ಕುಣಿಯುತ್ತ ಬಂದಳು. "ಆಯೀ, ನಿನ್ನೆ ಸಂಜಿಮುಂದ ಅವ್ವ ಮೊಗ್ಗಿ ಸುಲದು ಗುರ್ತಿಗೆ ಕೆಂಪು ಚೀಟಿ ಹಾಕಿದ್ಲಲ್ಲ, ಅವಕ್ಕೆಲ್ಲ ನಾನೇ ಗಂಡು ಹೂವು ಮುಟ್ಟಿಸೇನಿ! ಒಂದು ಸಾಲು ಪೂರಾ!" ಎಂದು ಹತ್ತು ಬೆರಳನ್ನೂ ಚಾಚಿದಳು. ಹೂವಿನ ಪುಡಿ ಮೆತ್ತಿ ಎಲ್ಲವೂ ಹಳದಿಯಾಗಿದ್ದವು. ಮೊಮ್ಮಗಳ ಹುರುಪು ನೋಡಿ ಹೊನ್ನವ್ವನೂ ಹಿಗ್ಗಿದಳು.

ಪಕ್ಕದ ಸಾಲಿನಿಂದ ಕಾವೇರಿಯೂ ಎದ್ದು ಬಂದಳು. ಅಷ್ಟರಲ್ಲಿ ಹೊಲದ ಯಜಮಾನ ಪ್ರಭುಲಿಂಗಪ್ಪ ಆ ಸಾಲನ್ನು ನೋಡುತ್ತ ಬಂದ.

"ಭೇಷ್! ಸಣ್ಣ ಬೆರಳು ನೋಡು, ಒಂದು ಮೊಗ್ಗಿನೂ ಮುರದಿಲ್ಲ. ಕಾವೇರಿ, ನಾಳಿಂದ ಈಕಿಗೂ ಅರ್ಧ ಪಗಾರ ಕೊಡ್ತೇನಿ. ಮುಂದಿನ ವರ್ಷ ಸಾಲಿ-ಗೀಲಿ ಅಂತ ಹಚ್ಚಬ್ಯಾಡ."

ಕಾವೇರಿ ತಲೆ ತಗ್ಗಿಸಿದಳು. ನಾಳೆಯೂ ಇದೇ ಹೊಲಕ್ಕೆ ಬರಬೇಕಾದವಳು, ಇಲ್ಲ ಎನ್ನುವುದು ಹೇಗೆ? ನಿರ್ಮಲಾ ಮಾತ್ರ ಚಪ್ಪಾಳೆ ತಟ್ಟಿದಳು. ಬಾವಿಗಿಂತ ಈ ಭೇಷ್ ಎನ್ನುವ ಮಾತಿಗೇ ಹೊನ್ನವ್ವ ಹೆಚ್ಚು ಹೆದರಿದಳು.

"ಆಗಂಗಿಲ್ರೀ ಯಜಮಾನ್ರ. ಈಕಿಗೆ ನಮ್ಮನ್ಯಾಗ ಬ್ಯಾರೆ ಕೆಲಸ ಐತಿ."

"ಎಂಥಾ ಕೆಲಸಬೇ ಅದು?"

ಹೊನ್ನವ್ವ ಕುಡಿಯುವ ನೀರಿನ ಕೊಡ ಬಗ್ಗಿಸಿ ಮೊಮ್ಮಗಳ ಬೆರಳುಗಳನ್ನು ಒಂದೊಂದಾಗಿ ತಿಕ್ಕಿ ತೊಳೆದಳು. ಜೋಳಿಗೆಯ ಕೂಸನ್ನೆತ್ತಿ ಬಗಲಿಗೇರಿಸಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಮುದುಕಿ ನಾ, ದಿನಾ ಮನ್ಯಾಗ ಒಬ್ಬಾಕಿನ ಇರ್ತೇನಿ. ನನ್ನ ಕಾಯಾಕ ಯಾರರ ಬೇಕಲ್ಲ ಕಾವೇರಿ? ನಾಳಿಂದ ಇವರಿಬ್ಬರನ್ನೂ ಬಿಟ್ಟು ಬಾ."